ಹದಿನೇಳೂವರೆ ಸೆಂಟಿಮೀಟರ್

ನಾನು ಮೂರನೆಯ ತರಗತಿಯಲ್ಲಿದ್ದ ವರ್ಷ, ಸೆಪ್ಟೆಂಬರ್ ಮೂರರಂದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಟೋಕಿಯೊದ ಫುನಾಬೊರಿಯಲ್ಲಿದ್ದ ನಮ್ಮ ಮನೆಗೆ ಇಬ್ಬರು ಪೊಲೀಸರು ಬಂದರು. ನಾಲ್ಕೂ ಐವತ್ತಕ್ಕೆ ಅವರು ಹೊರಟಾಗ ಅವರ ಕೈಯಲ್ಲಿ ನನ್ನ ತಾತನ ಪೀಚೆಕತ್ತಿ ಇತ್ತು. ಕೊಡವ ಗಂಡಸರು ಮದುವೆಯಲ್ಲಿ, ಹಬ್ಬದಲ್ಲಿ, ಕೊನೆಗೆ ಚಿತೆಗೆ ಹೋಗುವಾಗ ಸೊಂಟದ ಕೆಂಪು ವಸ್ತ್ರಕ್ಕೆ ಸಿಕ್ಕಿಸುವ ಕಿರುಗತ್ತಿ ಅದು. ಒರೆಗೆ ಬೆಳ್ಳಿಯ ಕಟ್ಟು, ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಳಿಗಳು. ತಾತನ ಕತ್ತಿ ಎಂದು ಬರೆದೆ. ಅದನ್ನು ಇಲ್ಲೇ ತಿದ್ದಬೇಕು. ಕತ್ತಿ ಒಕ್ಕದ್ದು, ಅಂದರೆ ಒಬ್ಬನೇ ಮೂಲಪುರುಷನಿಂದ ಕವಲೊಡೆದ ನಮ್ಮ ಇಡೀ ಕುಲದ್ದು. ತಾತ ಆ ಒಕ್ಕದ ಪಟ್ಟೆದಾರ, ಬದುಕಿದ್ದ ಗಂಡಸರಲ್ಲಿ ಎಲ್ಲರಿಗಿಂತ ಹಿರಿಯ. ಕಾರಣರಿಗೆ, ಎಂದರೆ ಸತ್ತು ಕಾಯುತ್ತಿರುವ ಹಿರಿಯರಿಗೆ, ವರ್ಷಕ್ಕೊಮ್ಮೆ ಅನ್ನ ಮಾಂಸ ಎಡೆ ಇಡುವುದು, ಗದ್ದೆಯ ಬದುವಿನ ಜಗಳ ತೀರಿಸುವುದು, ಮದುವೆಗೆ ಹೂಂ ಅನ್ನುವುದು ಅವರ ಕೆಲಸ. ಆ ಕತ್ತಿಯನ್ನು ಕಾಯುವುದೂ. ಒಕ್ಕದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದರವರು ಇನ್ನೂ ಇದ್ದಾರೆ, ಅವರನ್ನು ನಾನು ಕೇಳಿಲ್ಲ.

ನಮ್ಮ ಮನೆ ಮೂರನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಒಂದು ಕೋಣೆಗೆ ಚಾಪೆಯ ನೆಲ. ಅದರ ಗೋಡೆಯೊಳಗಿನ ಆಳವಾದ ಕಪಾಟಿನಲ್ಲಿ ಹಗಲು ಹಾಸಿಗೆಗಳು ಇರುತ್ತಿದ್ದವು. ಎರಡು ಕೋಣೆಗಳ ನಡುವೆ ಕಾಗದದ ಜಾರುಬಾಗಿಲು. ಆ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಮಾತಾಡಿದ್ದೆಲ್ಲ ಎಲ್ಲರಿಗೂ ಕೇಳುತ್ತಿತ್ತು, ಕೇಳಿಸದವರಂತೆ ಇರುವುದನ್ನು ಕಲಿತಿದ್ದೆವು. ಅಪ್ಪ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದರು. ಬೆಳಿಗ್ಗೆ ಏಳೂವರೆಗೆ ಹೊರಟರೆ ನಾನು ಮಲಗುವ ಹೊತ್ತಿಗೂ ಬರುತ್ತಿರಲಿಲ್ಲ. ಅಮ್ಮ ಸುಧಾಳ ತವರು ಮೈಸೂರು, ಮಾಂಸ ಒಳಗೆ ಬಾರದ ಮನೆ. ಅಪ್ಪ ಕೊಡವ, ಅಮ್ಮ ಅಲ್ಲ. ಆದ್ದರಿಂದ ಮನೆಯ ಮಾತು ಕನ್ನಡ, ಶಾಲೆಯ ಮಾತು ಜಪಾನೀ. ಕೊಡವ ಭಾಷೆ ಭಾನುವಾರ ಅಪ್ಪ ಫೋನಿನಲ್ಲಿ ತಾತನ ಜೊತೆ ಆಡುವ ಹತ್ತು ನಿಮಿಷ ಮಾತ್ರ ಆ ಮನೆಯಲ್ಲಿ ಇರುತ್ತಿತ್ತು. ನನಗೆ ಬರಲಿಲ್ಲ. ಕಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಬೇಡವೆಂದೂ ಯಾರೂ ಹೇಳಲಿಲ್ಲ.

ಅಜ್ಜಿ ತೀರಿಕೊಂಡ ಮರುವರ್ಷ, ಜುಲೈ ಮೊದಲ ವಾರ, ತಾತ ಬಂದರು. ತೊಂಬತ್ತು ದಿನದ ವೀಸಾ. ಹೆಸರು ಸುಬೇದಾರ್ ಮಂದಣ್ಣ, ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು, ಒಂದು ಯುದ್ಧ ಮಾಡಿದವರು. ಎಡಗಿವಿ ಅಲ್ಲೇ ಹೋಯಿತು. ಯುದ್ಧದ ಬಗ್ಗೆ ನಾನು ಕೇಳಿದಾಗೆಲ್ಲ ಅವರು ಹೇಳಿದ್ದು ಚಳಿಯ ವಿಷಯ, ಕಾಲುಚೀಲದ ವಿಷಯ. ವಿಮಾನದಲ್ಲಿ ಹಸಿರು ಬಣ್ಣದ ತಗಡಿನ ಟ್ರಂಕ್ ತಂದಿದ್ದರು. ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹೆಸರು, ರ‍್ಯಾಂಕು. ವಿಮಾನ ನಿಲ್ದಾಣದ ಕಸ್ಟಮ್ಸ್‌ನವನು ಅದನ್ನು ನೋಡಿ ತಲೆಬಾಗಿದನಂತೆ, ತಾತ ಸೆಲ್ಯೂಟ್ ಹೊಡೆದರಂತೆ, ಟ್ರಂಕ್ ತೆರೆಯಲೇ ಇಲ್ಲವಂತೆ. ಅದನ್ನು ಮೊದಲ ವಾರ ಅಪ್ಪ ನಗುತ್ತಾ ಹೇಳುತ್ತಿದ್ದರು. ಚಾಪೆಯ ಕೋಣೆಯಲ್ಲಿ ಅಮ್ಮನೇ ಟ್ರಂಕ್ ಬಿಚ್ಚಿದ್ದು. ಸೇನೆಯ ಉಣ್ಣೆ ಕಾಲುಚೀಲದೊಳಗೆ ಕಾಚಂಪುಳಿಯ ಬಾಟಲಿ, ಹಂದಿಸಾರಿಗೆ ಹಾಕುವ ಕಪ್ಪು ಹುಳಿ. ಕಾಫಿಪುಡಿ. ಎರಡು ಜೊತೆ ಖಾಕಿ ಚಡ್ಡಿ. ಎಲ್ಲಕ್ಕೂ ಕೆಳಗೆ ಹಬ್ಬದ ಬಿಳಿ ಕುಪ್ಪಸದಲ್ಲಿ, ಕೊಡವ ಗಂಡಸರ ನಿಲುವಂಗಿಯಲ್ಲಿ, ಸುತ್ತಿದ ಗಂಟು.

“ಮಾವ, ಇದೇನು?”

“ಮನೆಯದ್ದು.”

“ಚೂರಿನಾ? ಮಾವ, ಇಲ್ಲಿ ಇದೆಲ್ಲ ಇಟ್ಕೊಳ್ಳೋ ಹಾಗಿಲ್ಲ.”

“ಚೂರಿ ನಿನ್ನ ಅಡುಗೆಮನೆಯಲ್ಲಿ ಉಂಟಲ್ಲ, ಇದಕ್ಕಿಂತ ಉದ್ದ. ಈರುಳ್ಳಿ ಹೆಚ್ಚುವುದಕ್ಕೆ ಯಾರ ಪರ್ಮಿಷನ್ ತಗೊಂಡೆ?”

ಅಮ್ಮ ನಕ್ಕರು. ಆಮೇಲೆ ಅದನ್ನು ಇದ್ದ ಹಾಗೇ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟರು.

ಕತ್ತಿಯನ್ನು ಏಕೆ ತಂದರು ಎಂಬುದು ನನಗೆ ಸ್ಪಷ್ಟವಾದದ್ದು ತುಂಬ ತಡವಾಗಿ. ಅದರ ಜಾಗ ಊರಿನ ಐನ್‌ಮನೆ, ಒಕ್ಕದ ಮೂಲಮನೆ. ನಡುಕೋಣೆಯ ತೂಗುದೀಪದ ಹಿಂದಿನ ಗೋಡೆಯಲ್ಲಿ ಅದಕ್ಕೊಂದು ಮೊಳೆ. ಹಿಂದಿನ ವರ್ಷ ತಾತ ಅಜ್ಜಿಯ ಆಸ್ಪತ್ರೆಯಲ್ಲಿದ್ದಾಗ, ವಯಸ್ಸಿನಲ್ಲಿ ಅವರ ನಂತರದವರಾದ ಚಿಕ್ಕತಾತ ಅದನ್ನು ತೆಗೆದು ಹೋಟೆಲೊಂದರ ಫೋಟೋ ಶೂಟಿಗೆ ಕೊಟ್ಟಿದ್ದರು. ಬೆಂಗಳೂರಿನಿಂದ ಬಂದ ಮದುಮಗನೊಬ್ಬ ಕೊಡವನ ಹಾಗೆ ಕಾಣಬೇಕಿತ್ತು. ಆ ಜಗಳ ತಣಿದಿರಲಿಲ್ಲ. ತಾತ ಜಪಾನಿಗೆ ಹೊರಟಾಗ ಒಕ್ಕದವರು ಕೂಡಿ ಕತ್ತಿ ಮೊಳೆಯಲ್ಲೇ ಇರಲಿ ಎಂದರು. ತಾತ ಆಗಲಿ ಎಂದರು. ಹೊರಡುವ ದಿನ ಬೆಳಿಗ್ಗೆ ಅದನ್ನು ಇಳಿಸಿ ಟ್ರಂಕಿಗೆ ಹಾಕಿಕೊಂಡರು. ಇನ್ನೊಂದು ಕಾರಣವೂ ಇತ್ತು. ಕೈಲ್ ಮುಹೂರ್ತ, ಕೊಡವರು ಆಯುಧಗಳಿಗೆ ಪೂಜೆ ಮಾಡುವ ಹಬ್ಬ, ಸೆಪ್ಟೆಂಬರ್ ಮೂರಕ್ಕೆ ಬರುತ್ತದೆ. ಅದು ಅವರ ತೊಂಬತ್ತು ದಿನಗಳೊಳಗೆ ಬೀಳುತ್ತಿತ್ತು. ಯುದ್ಧದ ವರ್ಷವೂ ಅವರು ಆ ದಿನ ರೈಫಲಿಗೆ ಗಂಧ ಹಚ್ಚಿದವರು.

ನನಗೆ ಅವರು ಬಂದ ಮೂರನೆಯ ದಿನಕ್ಕೇ ಹವಾಲ್ದಾರ್ ಪದವಿ ಸಿಕ್ಕಿತು. ಐದಕ್ಕೆ ಎದ್ದು ತಮ್ಮ ಹಾಸಿಗೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸುತ್ತಿದ್ದರು; ಆಮೇಲೆ ನನ್ನದನ್ನು ನಾನು ಹಾಗೇ ಮಡಿಸಬೇಕು. ಸೊಟ್ಟಗಾದರೆ ಕಾಲಿನಿಂದ ಬಿಡಿಸಿ ಮತ್ತೆ ಮಡಿಸು ಅನ್ನುತ್ತಿದ್ದರು. ಬೇಸಿಗೆ ರಜೆ ಶುರುವಾದ ಮೇಲೆ ಆರೂವರೆಗೆ ಪಾರ್ಕಿಗೆ. ಅಲ್ಲಿ ರೇಡಿಯೋ ಹಾಕಿ ಬಡಾವಣೆಯ ಮಕ್ಕಳು ಮುದುಕರು ವ್ಯಾಯಾಮ ಮಾಡುವುದು ವಾಡಿಕೆ, ಬಂದ ಮಕ್ಕಳಿಗೆ ಕಾರ್ಡಿನ ಮೇಲೆ ದಿನಕ್ಕೊಂದು ಮುದ್ರೆ. ತಾತ ಎರಡನೆಯ ದಿನ ಸಾಲು ಸರಿಮಾಡಿದರು. ನಾಲ್ಕನೆಯ ದಿನ ಮುದ್ರೆ ಒತ್ತುವ ಅಜ್ಜಿ ಅವರಿಗೂ ಒಂದು ಕಾರ್ಡ್ ಕೊಟ್ಟರು. ಅದನ್ನು ಅವರು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರು.

ಭಾನುವಾರ ಅಡುಗೆಮನೆಯಲ್ಲಿ ಅವರ ನ್ಯಾಯಪಂಚಾಯಿತಿ. ಊರಿನಿಂದ ಫೋನ್ ಬರುತ್ತಿತ್ತು: ಕಾಲುವೆ ಯಾರು ತಿರುಗಿಸಿದರು, ಯಾರ ಎತ್ತು ಯಾರ ಗದ್ದೆಗೆ ನುಗ್ಗಿತು. ತಾತ ಬಲಗಿವಿಗೆ ಫೋನ್ ಒತ್ತಿ, ನಿಂತೇ, ಫ್ರಿಜ್ಜಿನ ಕಡೆ ಮುಖಮಾಡಿ ತೀರ್ಪು ಹೇಳುತ್ತಿದ್ದರು. ಮಾತು ನನಗೆ ತಿಳಿಯುತ್ತಿರಲಿಲ್ಲ. ಆ ಕಡೆಯವರು ಮೊದಲು ಜೋರಾಗಿ ಮಾತಾಡಿ ಕೊನೆಗೆ ಮೆತ್ತಗಾಗುವುದು ಮಾತ್ರ ತಿಳಿಯುತ್ತಿತ್ತು. ಫೋನ್ ಇಟ್ಟಮೇಲೆ ಹಂದಿ. ಅಮ್ಮ ತನ್ನ ಪಾತ್ರೆಗಳನ್ನೆಲ್ಲ ಮೇಲಿನ ಕಪಾಟಿಗೆ ಹಾಕಿ, ದೇವರ ಫೋಟೋದ ಮುಂದಿನ ಪರದೆ ಎಳೆದು, ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರು. ಅಂಗಡಿಯಲ್ಲಿ ಸಿಗುತ್ತಿದ್ದುದು ಕಾಗದದಷ್ಟು ತೆಳುವಾಗಿ ಕೊಯ್ದ ಮಾಂಸ.

“ಇದು ಹಂದಿಯಾ, ಹಂದಿಯ ಫೋಟೋನಾ?”

“ಅಪ್ಪ, ಇಲ್ಲಿ ಹೀಗೇ ಸಿಗೋದು,” ಎಂದರು ನನ್ನಪ್ಪ.

“ನೀನು ಇಲ್ಲಿಗೆ ಬಂದು ತೆಳ್ಳಗಾದದ್ದು ಈಗ ಗೊತ್ತಾಯಿತು.”

ಆಗಸ್ಟಿನ ಒಂದು ಭಾನುವಾರ ಆ ಊಟದ ನಡುವೆಯೇ ಜಗಳವಾಯಿತು. ಅಪ್ಪ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಿದ್ದರು. ಉತ್ತರ ಬಂದಿರಲಿಲ್ಲ. ಕತ್ತಿಯ ಬಗ್ಗೆ ಅಮ್ಮ ಹಿಂದಿನ ವಾರ ಹೇಳಿದ್ದರಂತೆ, ಅಪ್ಪ ಆಫೀಸಿನಲ್ಲಿ ಯಾರನ್ನೋ ಸುತ್ತುಬಳಸಿ ವಿಚಾರಿಸಿದ್ದರಂತೆ. ನನ್ನನ್ನು ಚಾಪೆಯ ಕೋಣೆಗೆ ಕಳಿಸಿ ಕಾಗದದ ಬಾಗಿಲು ಎಳೆದರು. ಅಮ್ಮನಿಗೂ ತಿಳಿಯಲೆಂದು ಅಪ್ಪ ಕನ್ನಡದಲ್ಲೇ ಮಾತಾಡಿದರು.

“ಹಬ್ಬ ಅಂತ ಹೊರಗೆ ತೆಗೀಬೇಡಿ ಅಪ್ಪ. ಹೋಗೋವರೆಗೂ ಟ್ರಂಕಲ್ಲೇ ಇರ್ಲಿ. ನನ್ನ ಅರ್ಜಿ ಇದೆ. ಒಂದು ಸಣ್ಣ ಕಂಪ್ಲೇಂಟ್ ಆದ್ರೂ ಹತ್ತು ವರ್ಷದ ಕೆಲಸ ನೀರಲ್ಲಿ ಹೋಗತ್ತೆ.”

“ನಿನ್ನ ಅರ್ಜಿ ಯಾವುದಕ್ಕೆ? ಇಲ್ಲೇ ಇರುವುದಕ್ಕಾ?”

“ಹೌದು.”

“ಹಾಗಾದರೆ ಅಲ್ಲಿ ಎಡೆ ಇಡುವವರು ಯಾರು?”

“ಹಿರಿಯರು ಯಾರಿದ್ದಾರೋ ಅವ್ರು. ನನ್ನ ಸರದಿಗೆ ಇನ್ನೂ ಇಪ್ಪತ್ತು ಜನ ಮುಂದಿದ್ದಾರೆ. ನನಗೋ, ಇರೋದು ಒಬ್ಬಳು ಮಗಳು.”

ಚಮಚದ ಸದ್ದು ಕೇಳುತ್ತಿತ್ತು.

“ಮೂರನೇ ತಾರೀಖು ತೆಗೆಯುತ್ತೇನೆ. ಮನೆಯೊಳಗೆ. ಬಾಗಿಲು ಹಾಕಿ.”

“ಸರಿ. ಆದ್ರೆ ಯಾರಿಗೂ ಹೇಳ್ಬೇಡಿ. ಸುಧಾ, ನೀನೂ ಅಷ್ಟೇ. ಯಾರಿಗೂ.”

ನಾನು ಅದನ್ನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಯಾರಿಗೂ ಎಂದರೆ ಕೆಳಮಹಡಿಯ ತಮಿಳಿನವರು, ದೇವಸ್ಥಾನದ ಗುಂಪಿನವರು, ಅಪ್ಪನ ಆಫೀಸಿನವರು ಎಂದುಕೊಂಡೆ. ಶಾಲೆ ಅದರಲ್ಲಿ ಸೇರುತ್ತದೆಂದು ಹೊಳೆಯಲಿಲ್ಲ. ಶಾಲೆ ಎಂದರೆ ಗೊತ್ತಿರುವುದನ್ನು ಸರಿಯಾಗಿ ಹೇಳಬೇಕಾದ ಜಾಗ.

ಜಪಾನಿನ ಶಾಲೆಗಳಲ್ಲಿ ಬೇಸಿಗೆ ರಜೆಗೆ ಒಂದು ಕೆಲಸ ಇರುತ್ತದೆ. ಪ್ರತಿ ಮಗುವೂ ತಾನೇ ಆರಿಸಿಕೊಂಡ ಒಂದು ವಸ್ತುವನ್ನು ರಜೆಯುದ್ದಕ್ಕೂ ಗಮನಿಸಿ, ಅಳೆದು, ದೊಡ್ಡ ಹಾಳೆಯ ಮೇಲೆ ಬರೆದು ಒಪ್ಪಿಸಬೇಕು. ನನ್ನ ತರಗತಿಯವರು ಜೀರುಂಡೆ, ಸೋರೆಬಳ್ಳಿ, ಐಸ್ ಕರಗುವ ವೇಗ ಆರಿಸಿಕೊಂಡರು. ನಾನು ತಾತನನ್ನು ಆರಿಸಿಕೊಂಡೆ. ದಿನವೂ ಏಳುವ ಹೊತ್ತು, ಹಾಸಿಗೆ ಮಡಿಸಲು ಹಿಡಿಯುವ ಸಮಯ, ಕುಡಿಯುವ ಕಾಫಿಯ ಲೋಟ, ಒಂದು ದಿನಕ್ಕೆ ಆಡುವ ಮಾತು. ಅಮ್ಮ ಹಾಳೆಯ ಮೇಲ್ಭಾಗ ನೋಡಿ ಚೆನ್ನಾಗಿದೆ ಎಂದರು. ಅಮ್ಮನಿಗೆ ಜಪಾನೀ ಓದಲು ಬರುತ್ತಿರಲಿಲ್ಲ. ಆಗಸ್ಟಿನ ಕೊನೆಯ ವಾರ ಕೆಳಭಾಗದಲ್ಲಿ ಒಂದು ಖಾಲಿ ಜಾಗ ಉಳಿಯಿತು. ತಾತ ಸ್ನಾನಕ್ಕೆ ಹೋಗಿದ್ದಾಗ ನಾನು ಟ್ರಂಕ್ ತೆಗೆದು, ಶಾಲೆಯ ಅಳತೆಪಟ್ಟಿಯಿಂದ ಅಲಗನ್ನು ಅಳೆದೆ. ಹದಿನೇಳೂವರೆ ಸೆಂಟಿಮೀಟರ್. ಎರಡು ಸಲ ಅಳೆದೆ. ಚಿತ್ರ ಬರೆದು ಪಕ್ಕದಲ್ಲಿ ಹೀಗೆ ಬರೆದೆ: ‘ನನ್ನ ತಾತ ಸೈನಿಕ ಮತ್ತು ನಮ್ಮ ಕುಲದ ನಾಯಕ. ಇದು ಕುಲದ ಕತ್ತಿ. ತಾತ ಇದನ್ನು ಭಾರತದಿಂದ ಟ್ರಂಕಿನಲ್ಲಿ ತಂದರು. ಒರೆಗೆ ಬೆಳ್ಳಿಯ ಸರಪಳಿ ಮೂರು. ಸೆಪ್ಟೆಂಬರ್ ಮೂರರಂದು ನಮ್ಮ ಮನೆಯಲ್ಲಿ ಇದಕ್ಕೆ ಪೂಜೆ.’

ಶಾಲೆ ತೆರೆದದ್ದು ಸೆಪ್ಟೆಂಬರ್ ಒಂದಕ್ಕೆ. ಹಾಳೆಗಳನ್ನು ತರಗತಿಯ ಹಿಂದಿನ ಗೋಡೆಗೆ ಅಂಟಿಸಿದರು. ನಮ್ಮ ಟೀಚರ್ ಐವತ್ತರ ಹತ್ತಿರದ ಹೆಂಗಸು, ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ನನ್ನ ಹಾಳೆಯ ಮುಂದೆ ಉಳಿದವುಗಳಿಗಿಂತ ಹೆಚ್ಚು ಹೊತ್ತು ನಿಂತರು.

“ದೇಚಮ್ಮ-ಸಾನ್, ಈ ಕತ್ತಿ ಆಟದ್ದಾ, ನಿಜವಾದದ್ದಾ?”

“ನಿಜವಾದದ್ದು. ನಾನೇ ಅಳೆದೆ.”

“ಈಗಲೂ ಮನೆಯಲ್ಲಿದೆಯಾ?”

“ಟ್ರಂಕಿನಲ್ಲಿದೆ.”

“ತುಂಬ ಚೆನ್ನಾಗಿ ಗಮನಿಸಿದ್ದೀಯ,” ಎಂದರು.

ಆ ಎರಡು ದಿನಗಳಲ್ಲಿ ಅವರು ಯಾರ ಜೊತೆ ಮಾತಾಡಿದರು, ಯಾರು ಯಾರಿಗೆ ತಿಳಿಸಿದರು ಎಂಬುದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಇಲ್ಲಿ ಊಹಿಸುವುದಿಲ್ಲ.

ಮೂರನೆಯ ತಾರೀಖು ನಾನು ಶಾಲೆಯಿಂದ ಬಂದಾಗ ಮನೆಯಲ್ಲಿ ಗಂಧದ ವಾಸನೆ, ಹಂದಿಯ ವಾಸನೆ, ಹಬೆಯಲ್ಲಿ ಬೇಯುತ್ತಿದ್ದ ಕಡಂಬುಟ್ಟಿನ ವಾಸನೆ. ಆ ಅಕ್ಕಿಯುಂಡೆಗಳನ್ನು ಅಮ್ಮನೇ ಮಾಡಿದ್ದರು, ಮೊದಲ ಸಲ. ತಾತ ಬಿಳಿ ಕುಪ್ಪಸ ಹಾಕಿ ಕೆಂಪು ವಸ್ತ್ರ ಬಿಗಿದಿದ್ದರು. ಚಾಪೆಯ ಕೋಣೆಯಲ್ಲಿ ಟ್ರಂಕೇ ಪೀಠ. ಅದರ ಮೇಲೆ ಕತ್ತಿ, ಮುಂದೆ ಉಕ್ಕಿನ ತಟ್ಟೆಯಲ್ಲಿ ದೀಪ. ಚಾಪೆಗೆ ಬೆಂಕಿ ತಗುಲೀತೆಂದು ಅಮ್ಮ ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟಿದ್ದರು. ಈ ಹಬ್ಬಕ್ಕೆ ಊರಿನಲ್ಲಿ ಬೇಲಿಯ ಮೇಲೆ ಬಿಡುವ, ಬೆಂಕಿಯ ನಾಲಗೆಯಂಥ ಕೆಂಪು ಹಳದಿಯ ತೋಕ್ ಹೂವೇ ಬೇಕು, ಬಂದೂಕಿನ ಬಾಯಿಗೆ ಸಿಕ್ಕಿಸುವ ಹೂವು. ಜಪಾನಿನಲ್ಲಿ ಎಲ್ಲಿಂದ ತರುವುದೆಂದು ತಾತ ವಾರದಿಂದ ಚಿಂತಿಸಿದ್ದರು. ಫುನಾಬೊರಿ ಸ್ಟೇಷನ್ನಿನ ಎದುರಿನ ಹೂವಿನಂಗಡಿಯಲ್ಲೇ ಅದು ಇತ್ತು, ಬಕೆಟ್ಟಿನಲ್ಲಿ, ಗುಲಾಬಿಯ ಪಕ್ಕ. ಒಂದು ಕಡ್ಡಿ ತಂದು ಕತ್ತಿಯ ಹಿಡಿಗೆ ಕಟ್ಟಿದ್ದರು.

ಹಬ್ಬದ ಕ್ರಮ ಹೀಗೆ. ಆಯುಧವನ್ನು ದೀಪದ ಮುಂದೆ ಇಡಬೇಕು. ಕಾರಣರಿಗೆ ಎಡೆ ಇಡಬೇಕು. ಆಮೇಲೆ ಹಿರಿಯ ಅದನ್ನು ಎತ್ತಿ, ಹೇಳಬೇಕಾದ ಮಾತು ಹೇಳಿ, ಮನೆಯವರ ಕೈಗೆ ಕೊಡಬೇಕು. ಯಾರ ಕೈಗೆ ಎಂದು ಅಮ್ಮ ಬೆಳಿಗ್ಗೆ ಕೇಳಿದ್ದರಂತೆ. ಮಗ ಆರು ಗಂಟೆಗೆ ಬಂದರೆ ಮಗನ ಕೈಗಾ ಎಂದು.

“ಹವಾಲ್ದಾರ್ ಕೈಗೆ,” ಎಂದರಂತೆ ತಾತ.

ನನಗೆ ಕೈಕಾಲು ತೊಳೆದು ಬರಲು ಹೇಳಿದರು. ನಾನು ಎರಡೂ ಅಂಗೈ ಒರೆಸಿಕೊಳ್ಳುತ್ತಿದ್ದಾಗ ಬಾಗಿಲ ಗಂಟೆ ಹೊಡೆಯಿತು.

ಇಬ್ಬರಲ್ಲಿ ಹಿರಿಯವನು ಹೊಸ್ತಿಲಲ್ಲೇ ತಲೆಬಾಗಿ, ಹಬ್ಬದ ದಿನ ಬಂದದ್ದಕ್ಕೆ ಕ್ಷಮೆ ಕೇಳಿದ. ಹಬ್ಬವೆಂದು ಅವನಿಗೆ ಗೊತ್ತಿತ್ತು. ಬೂಟು ಬಿಚ್ಚಿ ಜೋಡಿಸಿಟ್ಟು ಒಳಬಂದ. ಕಾಲುಚೀಲ ತೇವವಾಗಿತ್ತು. ಅಮ್ಮ ‘ಸುಮಿಮಾಸೆನ್’, ಕ್ಷಮಿಸಿ, ಎಂದು ಮೂರು ಸಲ ಹೇಳಿ, ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿದರು. ಆ ಮನೆಯಲ್ಲಿ ನೀರಿನ ಬಿಲ್ಲಿನವರು, ಗ್ಯಾಸಿನವರು, ಡಾಕ್ಟರು ಎಲ್ಲರಿಗೂ ನಾನೇ ದುಭಾಷಿ. ಪೊಲೀಸಿನವನು ಮಂಡಿಯೂರಿ ಕೂತು, ಬಿಳಿ ಕೈಗವಸು ಹಾಕಿ, ಅಲಗಿಗೆ ಲೋಹದ ಪಟ್ಟಿ ಹಿಡಿದ. ಹದಿನೇಳೂವರೆ ಎಂದ. ಇನ್ನೊಬ್ಬ ಬರೆದುಕೊಂಡ. ನನ್ನ ಅಳತೆ ಸರಿಯಾಗಿತ್ತು.

“ಇಂಥ ಕತ್ತಿಗೆ ಹದಿನೈದು ಸೆಂಟಿಮೀಟರ್ ಮಿತಿ,” ಎಂದ. “ಜಪಾನಿನಲ್ಲಿ ತಯಾರಾದದ್ದಾಗಿದ್ದರೆ ಕಲಾವಸ್ತು ಎಂದು ನೋಂದಾಯಿಸಬಹುದಿತ್ತು. ಹೊರಗಿನದ್ದಕ್ಕೆ ಆ ದಾರಿ ಇಲ್ಲ. ದಯವಿಟ್ಟು ತಾತನವರಿಗೆ ಹೇಳು.”

ಹೇಳಿದೆ.

“ನಾನೇ ವಾಪಸ್ ತೆಗೆದುಕೊಂಡು ಹೋಗುತ್ತೇನೆ ಅಂತ ಹೇಳು. ನಾಳೆ ಹೋಗು ಅಂದರೆ ನಾಳೆಯೇ.”

ಹೇಳಿದೆ. ಹಾಗಾದರೆ ಅದು ದೇಶದೊಳಗೆ ಹೇಗೆ ಬಂತು ಎಂಬ ತನಿಖೆ ಆಗಬೇಕಾಗುತ್ತದೆ, ಮನೆಯವರ ಹೆಸರೂ ಬರುತ್ತದೆ, ಎಷ್ಟು ದಿನ ಹಿಡಿಯುತ್ತದೋ ಹೇಳಲಾಗದು ಎಂದ. ಮಾಲೀಕರು ತಾವಾಗಿ ಹಕ್ಕು ಬಿಟ್ಟರೆ ಬಹುಶಃ ಇಲ್ಲಿಗೇ ಮುಗಿಯಬಹುದು ಎಂದು ಒಂದು ನಮೂನೆಯ ಹಾಳೆ ಟ್ರಂಕಿನ ಮೇಲೆ, ದೀಪದ ಪಕ್ಕ ಇಟ್ಟ. ಅಮ್ಮ ಅಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

“ಅಪ್ಪ, ಸೈನ್ ಮಾಡ್ಬಿಡಿ,” ಎಂದರು ಅಪ್ಪ.

“ನಿನ್ನ ಆಫೀಸಿನಿಂದ ಇಲ್ಲಿಗೆ ಎಷ್ಟು ಹೊತ್ತು?”

“ನಲವತ್ತು ನಿಮಿಷ. ಆದ್ರೆ ಕ್ಲೈಂಟ್ ಕೂತಿದ್ದಾರೆ...”

“ಹಾಗಾದರೆ ನೀನು ಬರುವುದಿಲ್ಲ.”

“ಅಪ್ಪ, ದಯವಿಟ್ಟು. ನನ್ನ ಅರ್ಜಿ.”

ತಾತ ಫೋನಿನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು.

“ಇದು ನನ್ನದಲ್ಲ, ಒಕ್ಕದ್ದು ಅಂತ ಹೇಳು. ನನ್ನದಲ್ಲದ್ದರ ಹಕ್ಕು ನಾನು ಹೇಗೆ ಬಿಡುವುದು, ಕೇಳು.”

ನಾನು ಅದನ್ನೂ ಒಂದು ಮಾತು ಬಿಡದೆ ಹೇಳಿದೆ. ಇಬ್ಬರೂ ಪೊಲೀಸರು ಮುಖ ನೋಡಿಕೊಂಡರು. ಹಿರಿಯವನು ಮೆಲ್ಲಗೆ, ಹಾಳೆಯಲ್ಲಿ ಒಬ್ಬರ ಹೆಸರಿಗೇ ಜಾಗ ಇರುವುದು ಎಂದ.

ತಾತ ಇಂಗ್ಲಿಷಿನಲ್ಲಿ ರುಜು ಹಾಕಿ, ಕೆಳಗೆ ರ‍್ಯಾಂಕ್ ಬರೆದರು. ರಸೀತಿ ಬೇಕು ಎಂದರು. ಅಂಥದ್ದು ಕೊಡುವುದು ಉಂಟೆಂದು ಅವನು ಬರೆದು, ಕೆಂಪು ಮುದ್ರೆ ಒತ್ತಿ ಕೊಟ್ಟ. ಆಮೇಲೆ ಕತ್ತಿಯತ್ತ ಕೈ ಚಾಚಿದ.

“ಅವನನ್ನು ತಡಿ ಅನ್ನು. ಇಟ್ಟದ್ದನ್ನು ಎತ್ತುವುದು ನನ್ನ ಕೆಲಸ.”

ಅವನು ಕೈ ಹಿಂದಕ್ಕೆಳೆದ. ತಾತ ಎಡೆಯಿಟ್ಟ ಎಲೆಯನ್ನು ಸ್ವಲ್ಪ ಸರಿಸಿ, ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಮುಟ್ಟಿಸಿ, ಕೊಡವ ಭಾಷೆಯಲ್ಲಿ ನಾಲ್ಕೈದು ಸಾಲು ಹೇಳಿದರು. ಪೊಲೀಸಿನವನ ಬಿಳಿ ಕೈಗವಸಿನ ಮೇಲೆ ಇಟ್ಟರು. ಹೂವು ಹಿಡಿಯಲ್ಲೇ ಇತ್ತು.

“ತಾತನವರು ಏನು ಹೇಳಿದರು?” ಎಂದು ಅವನು ನನ್ನನ್ನು ಕೇಳಿದ.

ಗೊತ್ತಿಲ್ಲ ಎಂದೆ. ಅದು ನಿಜ.

ಅವರು ಹೋದ ಮೇಲೆ ಅಮ್ಮ ದೀಪ ಆರಿಸಿ ಬಕೆಟ್ ಎತ್ತಿಕೊಂಡು ಹೋದರು. ತಾತ ಊಟ ಮಾಡಿದರು. ಕಡಂಬುಟ್ಟು ಚೆನ್ನಾಗಿದೆ ಎಂದು ಅಮ್ಮನಿಗೆ ಹೇಳಿದರು. ಅಪ್ಪ ಬಂದದ್ದು ಒಂಬತ್ತರ ಮೇಲೆ; ತಾತ ಆಗಲೇ ಗೋಡೆಯ ಕಡೆ ತಿರುಗಿ, ಕೇಳಿಸುವ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದ್ದರು.

ನನ್ನ ಹಾಳೆ ಮುಂದಿನ ವಾರ ಶಾಲೆಯಿಂದ ಮನೆಗೆ ಬಂತು. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ದಳಗಳುಳ್ಳ ದೊಡ್ಡ ಸುತ್ತು, ಅದು ಅಲ್ಲಿ ಅತ್ಯುತ್ತಮ ಎಂಬುದಕ್ಕೆ ಗುರುತು. ತಾತ ಅದನ್ನು ಬಿಡಿಸಿ ನೋಡಿ, ಚಿತ್ರದ ಮೇಲೆ ಬೆರಳಿಟ್ಟರು.

“ಓದು. ಕನ್ನಡದಲ್ಲಿ.”

ಮೇಲಿನಿಂದ ಕೆಳಗಿನವರೆಗೆ ಓದಿದೆ. ಏಳುವ ಹೊತ್ತು, ಕಾಫಿ, ಮಾತಿನ ಲೆಕ್ಕ, ಕೊನೆಗೆ ಕತ್ತಿ. ಟ್ರಂಕಿನಲ್ಲಿ ತಂದರು ಎಂಬಲ್ಲಿಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದರು. ತಾತ ಬಲಗಿವಿ ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿದರು.

“ರಿಪೋರ್ಟ್ ಸರಿ ಉಂಟು. ಒಂದು ತಪ್ಪು. ಸರಪಳಿ ಮೂರಲ್ಲ, ನಾಲ್ಕು. ಒಂದು ಒರೆಯ ಹಿಂದಕ್ಕೆ ಸಿಕ್ಕಿಕೊಂಡಿರುತ್ತದೆ. ನೀನು ತಿರುಗಿಸಿ ನೋಡಲಿಲ್ಲ.”

“ತಿದ್ತೀನಿ ತಾತ.”

“ತಿದ್ದು, ದೇಚಮ್ಮ.”

ಆ ದಿನದಿಂದ ಅವರು ನನ್ನನ್ನು ಹೆಸರು ಹಿಡಿದೇ ಕರೆದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಹಾಸಿಗೆ ಮಡಿಸಲು ಹೇಳುವುದನ್ನು ಬಿಟ್ಟರು. ನಾನು ಎದ್ದು ನೋಡುವಾಗ ನನ್ನದನ್ನೂ ಅವರೇ ಮಡಿಸಿ ಕಪಾಟಿಗೆ ಹಾಕಿರುತ್ತಿದ್ದರು. ಭಾನುವಾರದ ಫೋನುಗಳಿಗೆ ಹೂಂ, ಉಹೂಂ ಅನ್ನುತ್ತಿದ್ದರು, ಕೂತುಕೊಂಡು. ಎಂಬತ್ತೆಂಟನೆಯ ದಿನ ಹೊರಟರು. ವಿಮಾನ ನಿಲ್ದಾಣದಲ್ಲಿ ಅಪ್ಪ ಕಾಲಿಗೆ ಬಿದ್ದಾಗ ಅವರ ತಲೆಯ ಮೇಲೆ ಕೈ ಇಟ್ಟರು. ಟ್ರಂಕ್ ಹಗುರವಾಗಿದೆ ಎಂದು ತೂಕದ ಕೌಂಟರಿನಲ್ಲಿದ್ದ ಹುಡುಗಿ ನಗುತ್ತ ಹೇಳಿದಳು. ಅದನ್ನು ನಾನು ಕನ್ನಡಕ್ಕೆ ತರಲಿಲ್ಲ.

ಅಕ್ಟೋಬರಿನಲ್ಲಿ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರಿದರು. ಕತ್ತಿಯ ಬದಲು ತಾತ ರಸೀತಿ ಮುಂದಿಟ್ಟರು. ಅದರಲ್ಲಿ ಏನು ಬರೆದಿದೆಯೆಂದು ಯಾರಿಗೂ ಓದಲು ಬರಲಿಲ್ಲ. ಟೋಕಿಯೊದ ನಮ್ಮ ಮನೆಗೆ ಫೋನ್ ಬಂತು. ಅಪ್ಪನಿಗೂ ಅಷ್ಟು ಅಕ್ಷರ ಬರುತ್ತಿರಲಿಲ್ಲ. ತಾತ ಮೊದಲೇ ಅದರ ಪ್ರತಿಯನ್ನು ನಮ್ಮಲ್ಲಿ ಬಿಟ್ಟುಹೋಗಿದ್ದರು. ನಾನು ನೋಡಿ, ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ಕಿರುಗತ್ತಿ ಒಂದು. ಅಲಗಿನ ಉದ್ದ ಹದಿನೇಳೂವರೆ ಸೆಂಟಿಮೀಟರ್. ಬಿಳಿ ಲೋಹದ ಒರೆ ಒಂದು. ಮಾಲೀಕರು ಸ್ವಇಚ್ಛೆಯಿಂದ ಹಕ್ಕು ಬಿಟ್ಟಿದ್ದಾರೆ. ಆ ಕಡೆ ಎಷ್ಟು ಜನ ಕೂತಿದ್ದರೋ ತಿಳಿಯದು, ಯಾರೋ ಕೆಮ್ಮಿದರು.

“ಸ್ವಇಚ್ಛೆ ಅಂತ ಬರೆದಿದೆಯಾ?” ಒಬ್ಬರು ಕನ್ನಡದಲ್ಲಿ ಕೇಳಿದರು. ಚಿಕ್ಕತಾತ ಎಂದು ಆಮೇಲೆ ತಿಳಿಯಿತು.

“ಹೌದು. ಬರೆದಿದೆ.”

“ಹೋಟೆಲಿಗೆ ಕೊಟ್ಟದ್ದು ಸಂಜೆಗೆ ವಾಪಸ್ ಬಂದಿತ್ತು,” ಎಂದರು ಅವರು. ನನಗಲ್ಲ. ಫೋನ್ ಕಡಿತವಾಯಿತು.

ಪಟ್ಟೆದಾರನನ್ನು ಯಾರಿಂದಲೂ ಇಳಿಸಲಾಗದು, ವಯಸ್ಸೇ ಆ ಪದವಿ. ತಾತನ ಪದವಿಗೂ ಯಾರೂ ಕೈ ಹಾಕಲಿಲ್ಲ. ಅವರೇ ಆ ವರ್ಷದಿಂದ ಎಡೆ ಇಡು ಎಂದು ಚಿಕ್ಕತಾತನಿಗೆ ಹೇಳಿ, ತಾವು ಹೊರಗೆ ಜಗಲಿಯ ಮೆಟ್ಟಿಲ ಮೇಲೆ ಕೂತರು. ಆರು ವರ್ಷ ಹಾಗೆ ಕೂತರು. ಗದ್ದೆಯ ಜಗಳಗಳು ಕೋರ್ಟಿಗೆ ಹೋದವು. ಅಪ್ಪನಿಗೆ ಕಾಯಂ ವಾಸದ ಪರವಾನಗಿ ಮರುವರ್ಷ ಸಿಕ್ಕಿತು. ನಾವು ಯಾರೂ ಆ ಆರು ವರ್ಷಗಳಲ್ಲಿ ಊರಿಗೆ ಹೋಗಲಿಲ್ಲ. ಪ್ರತಿ ವರ್ಷಕ್ಕೂ ಒಂದು ಕಾರಣ ಇತ್ತು, ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯಾದವೇ. ತಾತ ಸತ್ತದ್ದು ಫೆಬ್ರವರಿಯಲ್ಲಿ. ನನಗೆ ಹೈಸ್ಕೂಲು ಪ್ರವೇಶದ ಪರೀಕ್ಷೆ ಇತ್ತು, ಅಪ್ಪ ಒಬ್ಬರೇ ಹೋದರು. ಗಂಡಸು ಸತ್ತರೆ ಊರಿಗೆ ತಿಳಿಯಲೆಂದು ಎರಡು ಗುಂಡು ಹಾರಿಸುತ್ತಾರೆ. ಅಪ್ಪ ತಲುಪುವ ಹೊತ್ತಿಗೆ ಅದು ಆಗಿತ್ತು. ಬಿಳಿ ಕುಪ್ಪಸ ತೊಡಿಸಿ ಕೆಂಪು ವಸ್ತ್ರ ಕಟ್ಟಿದ ಮೇಲೆ ಸೊಂಟಕ್ಕೆ ಕತ್ತಿ ಬೇಕಾಯಿತು. ಪಕ್ಕದ ಒಕ್ಕದವರಲ್ಲಿ ಕೇಳಿ ತಂದರು, ಚಿತೆಗೆ ಇಡುವ ಮುಂಚೆ ತೆಗೆದು ಹಿಂದಿರುಗಿಸಿದರು. ಕುಪ್ಪಸದ ಒಳಜೇಬಿನಲ್ಲಿ ರಸೀತಿಯೂ, ಪಾರ್ಕಿನ ಮುದ್ರೆಯ ಕಾರ್ಡೂ ಇದ್ದವೆಂದು, ಯಾರೂ ಅವನ್ನು ತೆಗೆಯಲಿಲ್ಲವೆಂದು ಅಪ್ಪ ಹೇಳಿದರು. ಆ ಮಾತು ಹೇಳುವಾಗ ಅವರು ಅದೇ ಅಡುಗೆಮನೆಯಲ್ಲಿ, ಫ್ರಿಜ್ಜಿನ ಕಡೆ ಮುಖಮಾಡಿ ನಿಂತಿದ್ದರು.

ನಾನು ಈಗ ಟೋಕಿಯೊದಲ್ಲೇ ಒಂದು ಸುದ್ದಿಮನೆಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಪಾಲಿನದು ಹೆಚ್ಚಾಗಿ ಬೇರೆಯವರ ವರದಿಗಳ ಅಂಕಿ, ಹೆಸರು, ಅಳತೆಗಳನ್ನು ಮೂಲದೊಂದಿಗೆ ಹೋಲಿಸಿ ನೋಡುವ ಕೆಲಸ. ಅಪ್ಪ ಅಮ್ಮ ಫುನಾಬೊರಿಯ ಅದೇ ಮನೆಯಲ್ಲಿದ್ದಾರೆ. ರಸೀತಿಯ ಪ್ರತಿ ಚಾಪೆ ಬದಲಿಸಿದ ವರ್ಷ ಕಳೆದುಹೋಯಿತು. ಈ ಅಧ್ಯಾಯ ಬರೆಯಲು ಕೂತಾಗ ನಾನು ಠಾಣೆಗೆ ಪತ್ರ ಬರೆದು, ಆ ಕತ್ತಿ ಏನಾಯಿತೆಂದು ಕೇಳಿದೆ. ಉತ್ತರ ಹನ್ನೊಂದನೆಯ ದಿನ ಬಂತು. ಹಕ್ಕು ಬಿಟ್ಟ ಕತ್ತಿಗಳನ್ನು ಸಾಮಾನ್ಯವಾಗಿ ಕರಗಿಸಲಾಗುತ್ತದೆ; ಆ ವರ್ಷದ ಕಡತಗಳನ್ನು ಅವಧಿ ಮುಗಿದದ್ದರಿಂದ ನಾಶಮಾಡಲಾಗಿದೆ; ಆದ್ದರಿಂದ ಈ ವಸ್ತುವಿನ ಬಗ್ಗೆ ಏನನ್ನೂ ಖಚಿತಪಡಿಸಲಾಗದು ಎಂದಿದೆ.

ಕತ್ತಿಯ ಅಳತೆ ಬರಹದಲ್ಲಿ ಉಳಿದಿರುವುದು ನನಗೆ ತಿಳಿದಂತೆ ಒಂದೇ ಕಡೆ, ನನ್ನ ಮೂರನೆಯ ತರಗತಿಯ ಹಾಳೆಯಲ್ಲಿ. ಕಳೆದ ವಾರ ಅಮ್ಮ ಅದನ್ನು ಕಪಾಟಿನಿಂದ ತೆಗೆದುಕೊಟ್ಟರು. ಅಲಗು ಹದಿನೇಳೂವರೆ ಸೆಂಟಿಮೀಟರ್. ಬೆಳ್ಳಿಯ ಸರಪಳಿ ಮೂರು ಎಂದಿದೆ. ತಿದ್ದಿಲ್ಲ.